ಹಲ್ಲಿನ ಪಾಚಿ, ಮಡಕೆ ಚೂರು, ಹಿಡಿ ಬೂದಿ: ಸಾವಿರಾರು ವರ್ಷದ ಹಿಂದಿನ ಊಟ ಏನು ಅಂತ ಹೇಗೆ ಗೊತ್ತಾಗತ್ತೆ?

ಸಿರಿಧಾನ್ಯದ ಮಾತು ಈಗ ಎಲ್ಲಾ ಕಡೆ. ವಿಶ್ವಸಂಸ್ಥೆ 2023ನ್ನ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿದ ಮೇಲಂತೂ ವಾಟ್ಸಾಪ್ ಗ್ರೂಪಲ್ಲಿ, ಯೂಟ್ಯೂಬಲ್ಲಿ, ಮೇಳದ ಬ್ಯಾನರಲ್ಲಿ ಒಂದೇ ಸಾಲು: "ನಮ್ಮ ಪೂರ್ವಜರು ಐದು ಸಾವಿರ ವರ್ಷದಿಂದ ರಾಗಿ ತಿಂತಿದ್ರು". ಇನ್ನೊಂದು ಕಡೆ ಹರಪ್ಪದವರು ಮಾಂಸ ತಿಂತಿದ್ರಾ ಇಲ್ವಾ ಅನ್ನೋ ವಾದ. 2020ರ ಫೆಬ್ರವರಿಯಲ್ಲಿ ದೆಹಲಿಯ ನ್ಯಾಷನಲ್ ಮ್ಯೂಸಿಯಮ್ಮಲ್ಲಿ ಸಿಂಧೂ ಕಾಲದ ಊಟ ಬಡಿಸೋ ಕಾರ್ಯಕ್ರಮ ಇಟ್ಟಾಗ ಮೆನುವಿಂದ ಮಾಂಸದ ಐಟಂ ತೆಗೆದಿದ್ದು ಪೇಪರಲ್ಲೆಲ್ಲ ಸುದ್ದಿಯಾಗಿತ್ತು.

ಈ ಎರಡು ಮಾತಿಗೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಅಷ್ಟು ಹಿಂದೆ ಯಾರು ಏನು ತಿಂದ್ರು ಅಂತ ಇವತ್ತು ಹೇಳೋದಾದ್ರೂ ಹೇಗೆ? ಸಿಂಧೂ ಲಿಪಿಯನ್ನ ಎಲ್ಲರೂ ಒಪ್ಪೋ ಹಾಗೆ ಇನ್ನೂ ಯಾರೂ ಓದಿಲ್ಲ, ನಮ್ಮ ಬಳ್ಳಾರಿ ಕಡೆಯ ಕಲ್ಲಿನ ಕೊಡಲಿ ಕಾಲದ ಜನಕ್ಕೆ ಬರವಣಿಗೇನೇ ಇರ್ಲಿಲ್ಲ, ಅಡುಗೆಯನ್ನ ಯಾರೂ ಬರೆದಿಟ್ಟಿಲ್ಲ. ಆದ್ರೂ ಪುರಾತತ್ವದವರು "ಈ ಮಡಕೇಲಿ ಅರಿಶಿನ, ಶುಂಠಿ ಬೆಂದಿತ್ತು" ಅಂತ ಹೇಳ್ತಾರೆ. ಯಾವ ಆಧಾರದ ಮೇಲೆ ಹೇಳ್ತಾರೆ, ಆ ಆಧಾರ ಎಷ್ಟು ಭಾರ ತಡೆಯತ್ತೆ ಅನ್ನೋದು ಗೊತ್ತಿದ್ರೆ ಇಂಥ ಸುದ್ದಿ ಓದೋವಾಗ ಯಾವುದನ್ನ ನಂಬಬೇಕು, ಯಾವುದಕ್ಕೆ ಸ್ವಲ್ಪ ನಿಲ್ಲಬೇಕು ಅಂತ ನಾವೇ ತೀರ್ಮಾನ ಮಾಡ್ಕೋಬಹುದು.

ಊಟ ಕೊಳೆಯತ್ತೆ, ಆದ್ರೆ ಪೂರ್ತಿ ಮಾಯ ಆಗಲ್ಲ

ಮೊದಲೆಲ್ಲ ಅಗೆಯೋವಾಗ ಸಿಗ್ತಿದ್ದಿದ್ದು ಮೂಳೆ, ಮತ್ತೆ ಸುಟ್ಟು ಕರಕಲಾದ ಕಾಳು. ಮೂಳೆ ಗಟ್ಟಿ, ಉಳಿಯತ್ತೆ. ಕಾಳು ಕೊಳೆಯತ್ತೆ, ಆದ್ರೆ ಒಲೆಗೆ ಬಿದ್ದು ಇದ್ದಿಲಾದ್ರೆ ಹುಳಕ್ಕೂ ಬೇಡ, ಬೂಸ್ಟಿಗೂ ಬೇಡ, ಸಾವಿರಾರು ವರ್ಷ ಹಾಗೇ ಇರತ್ತೆ. ತೊಂದ್ರೆ ಏನಂದ್ರೆ ಸೊಪ್ಪು, ಗೆಡ್ಡೆ, ಹಣ್ಣು, ಹಾಲು, ಎಣ್ಣೆ, ಸಾರು ಇವೆಲ್ಲ ಹೀಗೆ ಉಳಿಯಲ್ಲ. ಹಾಗಾಗಿ ಹಳೇ ರಿಪೋರ್ಟ್ ಓದಿದ್ರೆ ಆಗಿನ ಜನ ಬರೀ ಧಾನ್ಯ, ಮಾಂಸ ತಿಂದೇ ಬದುಕಿದ್ರೇನೋ ಅನ್ಸತ್ತೆ.

ಕಳೆದ ಮೂರು ನಾಲ್ಕು ದಶಕದಲ್ಲಿ ಇದನ್ನ ಬದಲಾಯಿಸಿದ್ದು ಮೈಕ್ರೋಸ್ಕೋಪು ಮತ್ತೆ ಕೆಮಿಸ್ಟ್ರಿ ಲ್ಯಾಬು. ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಮಡಕೆ ಒಳಗೆ, ಬೀಸೋ ಕಲ್ಲಿನ ತೂತಲ್ಲಿ, ಸತ್ತವರ ಹಲ್ಲಿನ ಮೇಲೆ ಕೂತಿರತ್ವೆ. ಇಲ್ಲಿ ಅಳತೆ ಮೈಕ್ರಾನ್ ಲೆಕ್ಕದಲ್ಲಿ, ಒಂದು ಮಿಲಿಮೀಟರನ್ನ ಸಾವಿರ ಭಾಗ ಮಾಡಿದ್ರೆ ಒಂದು ಭಾಗ ಒಂದು ಮೈಕ್ರಾನ್, ನಮ್ಮ ತಲೆಕೂದಲು ಸುಮಾರು 50ರಿಂದ 100 ಮೈಕ್ರಾನ್ ದಪ್ಪ. ಅಕ್ಕಿಯ ಪಿಷ್ಟದ ಒಂದು ಕಣ ಐದಾರು ಮೈಕ್ರಾನ್ ಅಷ್ಟೇ.

ಪಿಷ್ಟದ ಕಣ ಏನು ಹೇಳತ್ತೆ

ಪಿಷ್ಟ ಅಂದ್ರೆ ಸ್ಟಾರ್ಚು. ಗಿಡ ತನಗೆ ಬೇಕಾದ ಆಹಾರವನ್ನ ಕಾಳಲ್ಲೋ ಗೆಡ್ಡೇಲೋ ಸಣ್ಣ ಸಣ್ಣ ಕಣವಾಗಿ ಕೂಡಿಟ್ಕೊಳ್ಳತ್ತೆ. ಆ ಕಣ ಒಂದು ಬಿಂದುವಿಂದ ಶುರುವಾಗಿ ಪದರದ ಮೇಲೆ ಪದರ ಬೆಳೆಯತ್ತೆ. ಮುಖ್ಯವಾದ ವಿಷಯ ಇಷ್ಟು, ಒಂದೊಂದು ಜಾತಿಯ ಗಿಡದಲ್ಲಿ ಆ ಕಣದ ಆಕಾರ ಬೇರೆ. ಅಕ್ಕೀದು ಮೂಲೆ ಮೂಲೆಯಾಗಿ ಚಿಕ್ಕದು, ಆಲೂಗಡ್ಡೇದು ಮೊಟ್ಟೆಯಾಕಾರ, ಒಮ್ಮೊಮ್ಮೆ 100 ಮೈಕ್ರಾನ್‌ವರೆಗೂ ಹೋಗತ್ತೆ. ಬೇಳೆಕಾಳುಗಳ ಕಣದ ಮಧ್ಯೆ ಉದ್ದಕ್ಕೆ ಒಂದು ಬಿರುಕು. ಅರಿಶಿನ, ಶುಂಠಿ ಇವು ಒಂದೇ ಕುಟುಂಬ, ಅವುಗಳ ಕಣ ಚಪ್ಪಟೆ, ಉದ್ದ, ಶುರುವಾದ ಬಿಂದು ಮಧ್ಯದಲ್ಲಿರದೆ ಒಂದು ತುದೀಲಿರತ್ತೆ.

ನೋಡೋ ವಿಧಾನಾನೂ ವಿಶೇಷ. ಮಾಮೂಲಿ ಬೆಳಕಲ್ಲಿ ಪಿಷ್ಟ ಯಾವುದು ಧೂಳು ಯಾವುದು ಗೊತ್ತಾಗಲ್ಲ. ಪೋಲರೈಸ್ ಮಾಡಿದ ಬೆಳಕು ಬಿಟ್ಟು ನೋಡಿದ್ರೆ ಹಸೀ ಪಿಷ್ಟದ ಕಣ ಬೆಳ್ಳಗೆ ಹೊಳೆಯತ್ತೆ, ಅದರ ಮೇಲೆ ಕಪ್ಪಗೆ ಒಂದು ಕೂಡಿಸೋ ಗುರುತು ಕಾಣತ್ತೆ. ಪದರಗಳೆಲ್ಲ ಒಂದು ಕ್ರಮದಲ್ಲಿ ಜೋಡಿಸಿರೋದ್ರಿಂದ ಹೀಗಾಗತ್ತೆ. ಅಕ್ಕಿ ಹಿಟ್ಟನ್ನ ನೀರಲ್ಲಿ ಕುದಿಸಿದ್ರೆ ಗಂಜಿ ಗಟ್ಟಿಯಾಗತ್ತಲ್ಲ, ಆಗ ಒಳಗೆ ನಡೆಯೋದು ಇದೇ ಕಣಗಳು ನೀರು ಕುಡಿದು ಊದ್ಕೊಂಡು ಕ್ರಮ ಕಳ್ಕೊಳ್ಳೋದು. ಸುಮಾರು 60-70 ಡಿಗ್ರಿ ದಾಟಿದ್ರೆ ಇದು ಶುರುವಾಗತ್ತೆ, ಆಮೇಲೆ ಆ ಕಪ್ಪು ಗುರುತು ಅಳಿಸ್ಹೋಗತ್ತೆ. ಹಾಗಾಗಿ ಕಣ ಊದಿದೆಯಾ, ಒಡೆದಿದೆಯಾ ಅಂತ ನೋಡಿ ಇದು ಬೆಂದಿದ್ದೋ, ಒಣಗಿದ್ದನ್ನ ಬೀಸಿದ್ದೋ ಅನ್ನೋದನ್ನೂ ಅಂದಾಜು ಮಾಡ್ತಾರೆ. ಯಾವ ಗಿಡ ಅನ್ನೋದಕ್ಕಿಂತ ನನಗೆ ಇದೇ ದೊಡ್ಡ ವಿಷಯ ಅನ್ಸತ್ತೆ, ಯಾಕಂದ್ರೆ ಇಲ್ಲಿ ಸಿಗ್ತಿರೋದು ಬೆಳೆ ಅಲ್ಲ, ಅಡುಗೆ.

ಆದ್ರೆ ಕಣ ನೋಡಿದ ತಕ್ಷಣ ಹೆಸರು ಹೇಳೋಕಾಗಲ್ಲ. ಲ್ಯಾಬಲ್ಲಿ ಇವತ್ತಿನ ನೂರಾರು ಗಿಡಗಳ ಪಿಷ್ಟದ ಸ್ಲೈಡ್ ಇಟ್ಕೊಂಡಿರ್ತಾರೆ, ಹಳೇದನ್ನ ಅದರ ಪಕ್ಕ ಇಟ್ಟು ಹೋಲಿಸ್ತಾರೆ. ಆ ಸಂಗ್ರಹದಲ್ಲಿ ಇಲ್ಲದ ಗಿಡವನ್ನ ಗುರುತಿಸೋಕೆ ದಾರೀನೇ ಇಲ್ಲ. ನಮ್ಮ ಕಾಡಿನ ಗೆಡ್ಡೆಗೆಣಸು, ಊರೂರಿಗೆ ಬದಲಾಗೋ ಸಣ್ಣ ಧಾನ್ಯಗಳು ಎಲ್ಲವನ್ನೂ ಹೀಗೆ ಸ್ಲೈಡ್ ಮಾಡಿಡೋದು ದೊಡ್ಡ ಕೆಲಸ, ಇದರ ಹಿಂದಿನ ಶ್ರಮ ಸುದ್ದೀಲಿ ಬರೋದೇ ಇಲ್ಲ.

ಫರ್ಮಾಣಾದ ಅರಿಶಿನ, ಶುಂಠಿ, ಬದನೆಕಾಯಿ

ನಮ್ಮ ದೇಶದಲ್ಲಿ ಈ ವಿಧಾನಕ್ಕೆ ಹೆಸರು ಬಂದಿದ್ದು ಹರಿಯಾಣದ ರೋಹ್ತಕ್ ಜಿಲ್ಲೆಯ ಫರ್ಮಾಣಾ ಅನ್ನೋ ಹರಪ್ಪ ಕಾಲದ ಊರಿಂದ. ಪುಣೆಯ ಡೆಕ್ಕನ್ ಕಾಲೇಜಿನವರು ಬೇರೆ ಸಂಸ್ಥೆಗಳ ಜೊತೆ ಸೇರಿ ಅಲ್ಲಿ ಅಗೆದ್ರು, ಮನೆ ಸಿಕ್ತು, ದೊಡ್ಡ ಸ್ಮಶಾನಾನೂ ಸಿಕ್ತು. ಅರುಣಿಮಾ ಕಶ್ಯಪ್ ಮತ್ತೆ ಸ್ಟೀವ್ ವೆಬರ್ ಅನ್ನೋ ಇಬ್ಬರು ಸಂಶೋಧಕರು ಅಲ್ಲಿನ ಮಡಕೆ ಚೂರು, ಕಲ್ಲಿನ ಉಪಕರಣ, ಮನುಷ್ಯರ ಹಲ್ಲು ಇವುಗಳಿಂದ ಪಿಷ್ಟ ತೆಗೆದು ನೋಡಿದ್ರು, 2010ರಲ್ಲಿ ಪ್ರಕಟ ಆಯ್ತು. ಅರಿಶಿನ, ಶುಂಠಿ, ಬದನೆಕಾಯಿ ಗುರುತು ಸಿಕ್ತು. ಕಾಲ ಸುಮಾರು 4,500 ವರ್ಷದ ಹಿಂದೆ.

ಅವರು ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಬೆಂದ ಮೇಲೆ ಅರಿಶಿನದ ಕಣ ಹೇಗೆ ಹಾಳಾಗತ್ತೆ ಅಂತ ತಿಳ್ಕೊಳ್ಳೋಕೆ ಆ ಕಡೆಯ ಸಾಂಪ್ರದಾಯಿಕ ಅಡುಗೆಗಳನ್ನ ತಾವೇ ಮಾಡಿ, ಪಾತ್ರೆಗೆ ಅಂಟಿದ್ದನ್ನ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ಹಳೇದರ ಜೊತೆ ಹೋಲಿಸಿದ್ರು.

ಪೇಪರಿನವರು ಇದಕ್ಕೆ "ಜಗತ್ತಿನ ಅತಿ ಹಳೇ ಕರಿ" ಅಂತ ಹೆಸರಿಟ್ರು. ಇಲ್ಲಿ ಸ್ವಲ್ಪ ನಿಧಾನ. ಅರಿಶಿನ, ಶುಂಠಿ ಅಲ್ಲಿನ ಅಡುಗೆಮನೇಲಿದ್ವು, ಬಾಯಿಗೂ ಹೋಗಿದ್ವು ಅಂತ ಕಣ ಹೇಳತ್ತೆ. ಎಲ್ಲವನ್ನೂ ಒಂದೇ ದಿನ ಒಂದೇ ಪಾತ್ರೇಲಿ ಹಾಕಿ ಬದನೆಕಾಯಿ ಪಲ್ಯ ಮಾಡಿದ್ರು ಅಂತ ಹೇಳಲ್ಲ. ಒಂದು ಮಡಕೆ ತಿಂಗಳುಗಟ್ಲೆ ಒಲೆ ಮೇಲಿರತ್ತೆ, ಇವತ್ತು ಬೇಯಿಸಿದ್ದೂ ಆರು ತಿಂಗಳ ಹಿಂದೆ ಬೇಯಿಸಿದ್ದೂ ಅದೇ ತಳದಲ್ಲಿ ಬೆರೆತಿರತ್ತೆ.

ಇದೇ ಥರದ ಇನ್ನೊಂದು ಕೇಸು ವಿಯೆಟ್ನಾಮಿಂದು, 2023ರಲ್ಲಿ ಪ್ರಕಟ ಆಯ್ತು. ಮೆಕಾಂಗ್ ನದಿ ಮುಖಜದ ಓಕ್ ಏಯೋ ಅನ್ನೋ ಹಳೇ ವ್ಯಾಪಾರದ ಊರಲ್ಲಿ 76 ಸೆಂಟಿಮೀಟರ್ ಉದ್ದದ ಅರೆಯೋ ಕಲ್ಲು ಸಿಕ್ತು, ಅದೂ ಇದೂ ಸೇರಿ 12 ಕಲ್ಲಿನ ಉಪಕರಣಗಳಿಂದ 717 ಪಿಷ್ಟದ ಕಣ ತೆಗೆದ್ರು. ಅರಿಶಿನ, ಶುಂಠಿ, ಲವಂಗ, ಜಾಯಿಕಾಯಿ, ದಾಲ್ಚಿನ್ನಿ ಎಲ್ಲಾ ಇತ್ತು. ಸುಮಾರು 1,800-2,000 ವರ್ಷದ ಹಿಂದೆ ನಮ್ಮ ಕಡೆಯಿಂದ ಹೋದ ವ್ಯಾಪಾರಿಗಳ ಜೊತೆ ಮಸಾಲೆ ಅರೆಯೋ ಪದ್ಧತೀನೂ ಹೋಗಿರಬೇಕು ಅಂತ ಸಂಶೋಧಕರ ಅಭಿಪ್ರಾಯ. ಅಲ್ಲೇ ಸಿಕ್ಕ ಒಂದು ಜಾಯಿಕಾಯಿ ಇನ್ನೂ ಪರಿಮಳ ಉಳಿಸ್ಕೊಂಡಿತ್ತಂತೆ.

ಮೆಣಸಿನಕಾಯಿ ಎಲ್ಲಿ ಅಂತ ಕೇಳ್ತೀರಾ? ಅದು ಇಲ್ಲಿರೋಕೆ ಸಾಧ್ಯಾನೇ ಇಲ್ಲ, ಅಮೆರಿಕ ಖಂಡದ ಗಿಡ, ಪೋರ್ಚುಗೀಸರು ಬಂದ ಮೇಲೆ ನಮ್ಮಲ್ಲಿಗೆ ಬಂದಿದ್ದು. 2007ರಲ್ಲಿ ಇಕ್ವೆಡಾರ್ ದೇಶದ ಬೀಸೋ ಕಲ್ಲು, ಮಡಕೆಗಳ ಮೇಲೆ ಸುಮಾರು 6,000 ವರ್ಷ ಹಳೇ ಮೆಣಸಿನಕಾಯಿಯ ಪಿಷ್ಟ ಸಿಕ್ತು. ಅದನ್ನ ಪತ್ತೆ ಮಾಡಿದ್ದೂ ಇದೇ ವಿಧಾನದಿಂದ.

ಹಲ್ಲು ಕ್ಲೀನ್ ಮಾಡಿಸದೇ ಇದ್ದಿದ್ದು ಒಳ್ಳೇದಾಯ್ತು

ಡೆಂಟಿಸ್ಟ್ ಹತ್ರ ಹೋದಾಗ ಕೆರೆದು ತೆಗೀತಾರಲ್ಲ, ಹಲ್ಲಿನ ಬುಡದಲ್ಲಿ ಹಳದಿಯಾಗಿ ಗಟ್ಟಿಯಾಗಿರೋ ಪಾಚಿ, ಟಾರ್ಟರ್ ಅಂತಾರೆ, ಅದು ಪುರಾತತ್ವದವರಿಗೆ ಖಜಾನೆ. ಬಾಯಲ್ಲಿರೋ ಬ್ಯಾಕ್ಟೀರಿಯಾ ಹಲ್ಲಿನ ಮೇಲೆ ಒಂದು ಪೊರೆ ಕಟ್ಟತ್ವೆ, ಎಂಜಲಲ್ಲಿರೋ ಕ್ಯಾಲ್ಸಿಯಂ, ಫಾಸ್ಫೇಟ್ ಅದರೊಳಗೆ ಇಳಿದು ಕಲ್ಲಾಗತ್ತೆ, ಕಲ್ಲಾಗೋವಾಗ ಅಲ್ಲಿದ್ದ ಪಿಷ್ಟದ ಕಣ, ಹಾಲಿನ ಪ್ರೋಟೀನು, ಡಿಎನ್ಎ, ಧೂಳು, ಹೊಗೆಯ ಮಸಿ ಎಲ್ಲಾ ಒಳಗೇ ಸಿಕ್ಕಿಹಾಕ್ಕೊಳ್ಳತ್ತೆ. ಮನುಷ್ಯ ಸತ್ತು ಸಾವಿರಾರು ವರ್ಷ ಆದ್ಮೇಲೂ ಒಂದು ಚಿಟಿಕೆ ಕೆರೆದು, ಸೌಮ್ಯವಾದ ಆಸಿಡ್ಡಲ್ಲಿ ಕರಗಿಸಿದ್ರೆ ಅವು ಹೊರಗೆ ಬರತ್ವೆ.

ಇದರ ಬಲ ಎಲ್ಲಿದೆ ಅಂದ್ರೆ, ಮಡಕೇಲಿ ಸಿಕ್ಕಿದ್ದು ಮನೆಯ ಊಟ, ಹಲ್ಲಲ್ಲಿ ಸಿಕ್ಕಿದ್ದು ಒಬ್ಬ ವ್ಯಕ್ತಿಯ ಬಾಯಿಗೆ ಹೋಗಿದ್ದು. ಇರಾಕಿನ ಶಾನಿದಾರ್ ಗುಹೆ ಮತ್ತೆ ಬೆಲ್ಜಿಯಮ್ಮಿನ ಸ್ಪೈ ಗುಹೆಯ ನಿಯಾಂಡರ್ತಾಲ್ (ಈಗ ಅಳಿದುಹೋಗಿರೋ ಹಳೇ ಮನುಷ್ಯ ಜಾತಿ) ಹಲ್ಲುಗಳನ್ನ 2011ರಲ್ಲಿ ಹೀಗೆ ನೋಡಿದಾಗ ಬಾರ್ಲಿ ಜಾತಿಯ ಹುಲ್ಲಿನ ಕಾಳು, ಖರ್ಜೂರ ಇವುಗಳ ಗುರುತು ಸಿಕ್ತು, ಕೆಲವು ಕಣ ಬೆಂದಿದ್ವು. ಬರೀ ಬೇಟೆಯ ಮಾಂಸದ ಮೇಲೇ ಬದುಕಿದ್ದವರು ಅಂತ ಅಂದ್ಕೊಂಡಿದ್ದ ಜನ ಕಾಳು ಬೇಯಿಸಿ ತಿಂತಿದ್ರು.

ನಮಗೆ ಸಂಬಂಧಪಟ್ಟಿದ್ದು ಇಸ್ರೇಲಿನ ಮೆಗಿದ್ದೋ ಅನ್ನೋ ಜಾಗದ್ದು. 2020ರ ಕೊನೇಲಿ ಪ್ರಕಟವಾದ ಅಧ್ಯಯನದಲ್ಲಿ ಕ್ರಿಸ್ತಪೂರ್ವ ಎರಡನೇ ಸಹಸ್ರಮಾನದ ಒಬ್ಬ ವ್ಯಕ್ತಿಯ ಹಲ್ಲಿನ ಟಾರ್ಟರಲ್ಲಿ ಅರಿಶಿನದ ಪ್ರೋಟೀನ್ ಸಿಕ್ತು, ಜೊತೆಗೆ ಸೋಯಾದ್ದೂ. ಅರಿಶಿನ, ಸೋಯಾ ಎರಡೂ ಆ ಕಡೆ ಬೆಳೆಯೋವಲ್ಲ, ಏಷ್ಯಾದ ಈ ತುದಿಯವು. ಅಂದ್ರೆ ಮೂರೂವರೆ ಸಾವಿರ ವರ್ಷದ ಹಿಂದೇನೇ ಮಸಾಲೆ ಅಷ್ಟು ದೂರ ಓಡಾಡ್ತಿತ್ತು, ಇದನ್ನ ಯಾವ ಶಾಸನಾನೂ ಹೇಳಿರ್ಲಿಲ್ಲ.

ಆದ್ರೆ ಬಾಯೊಳಗೆ ಹೋಗಿದ್ದೆಲ್ಲ ಊಟ ಅಲ್ಲ. ಜರ್ಮನಿಯ ಡಾಲ್‌ಹೈಮಲ್ಲಿ ಸುಮಾರು ಸಾವಿರ ವರ್ಷದ ಹಿಂದೆ ಕ್ರೈಸ್ತ ಮಠದಲ್ಲಿದ್ದ ಒಬ್ಬ ಹೆಂಗಸಿನ ಹಲ್ಲಲ್ಲಿ ನೀಲಿ ಕಣಗಳು ಸಿಕ್ವು, ನೋಡಿದ್ರೆ ಅಫ್ಘಾನಿಸ್ತಾನದಿಂದ ಬರ್ತಿದ್ದ ದುಬಾರಿ ಲಾಜವರ್ದ ಕಲ್ಲಿನ ಪುಡಿ. ಆಕೆ ಹಸ್ತಪ್ರತಿಗಳಿಗೆ ಬಣ್ಣ ಹಾಕೋ ಕಲಾವಿದೆ, ಬ್ರಷ್ಷಿನ ತುದಿಯನ್ನ ಬಾಯಲ್ಲಿಟ್ಟು ಚೂಪು ಮಾಡ್ತಿದ್ದಿರಬೇಕು ಅಂತ ತಜ್ಞರು ಹೇಳಿದ್ದಾರೆ. ಹಾಗೇನೇ ಔಷಧಿಗೆ ಅಗಿದ ಬೇರು, ಹಲ್ಲುಜ್ಜೋಕೆ ಅಗಿದ ಕಡ್ಡಿ, ರಾಶಿ ಮಾಡೋವಾಗ ಹಾರಿದ ಧೂಳು ಎಲ್ಲಾ ಟಾರ್ಟರಲ್ಲಿ ಕೂರತ್ತೆ.

ಗಿಡದೊಳಗಿನ ಮರಳು

ಕಬ್ಬಿನ ಗರಿ ಕೈ ಕುಯ್ಯತ್ತೆ, ಭತ್ತದ ಹುಲ್ಲು ಹೊತ್ರೆ ಮೈಯೆಲ್ಲಾ ಕಡಿತ, ಭತ್ತದ ಹೊಟ್ಟಿನ ಬೂದಿ ಹಾಕಿ ತಿಕ್ಕಿದ್ರೆ ಪಾತ್ರೆ ಫಳಫಳ ಹೊಳೆಯತ್ತೆ. ಇವಕ್ಕೆಲ್ಲ ಕಾರಣ ಸಿಲಿಕಾ, ಮರಳಲ್ಲಿರೋ ಅದೇ ವಸ್ತು. ಬೇರು ನೀರು ಹೀರೋವಾಗ ಮಣ್ಣಲ್ಲಿ ಕರಗಿರೋ ಸಿಲಿಕಾನೂ ಒಳಗೆ ಬರತ್ತೆ, ನೀರು ಆವಿಯಾಗಿ ಹೋದ್ಮೇಲೆ ಅದು ಎಲೆ, ಕಾಂಡ, ಹೊಟ್ಟಿನ ಜೀವಕೋಶಗಳಲ್ಲಿ ತುಂಬ್ಕೊಂಡು ಗಟ್ಟಿಯಾಗತ್ತೆ. ಇಡ್ಲಿ ತಟ್ಟೆಯ ಗುಳೀಲಿ ಹಿಟ್ಟು ಬೆಂದು ಗುಳಿಯ ಆಕಾರವನ್ನೇ ತಗೊಳ್ಳತ್ತಲ್ಲ, ಹಾಗೆ ಈ ಸಿಲಿಕಾ ಜೀವಕೋಶದ ಆಕಾರ ತಗೊಳ್ಳತ್ತೆ. ಗಿಡ ಕೊಳೆತು ಮಣ್ಣಾದ್ರೂ, ಸುಟ್ಟು ಬೂದಿಯಾದ್ರೂ ಆ ಅಚ್ಚು ಹಾಗೇ ಉಳಿಯತ್ತೆ. ಇದನ್ನ ಫೈಟೋಲಿತ್ ಅಂತಾರೆ.

ಭತ್ತದ ಹೊಟ್ಟಿನ ಫೈಟೋಲಿತ್‌ಗೆ ಎರಡು ಕೋಡಿನ ಆಕಾರ, ಎಲೇದು ಬೀಸಣಿಗೆ ಥರ, ಬಾಳೇದು ಜ್ವಾಲಾಮುಖಿ ಬಾಯಿಯ ಥರ. ಕಾಳೇ ಸಿಗದ ಜಾಗದಲ್ಲಿ ಬರೀ ಮಣ್ಣನ್ನ ನೋಡಿ ಇಲ್ಲಿ ಭತ್ತ ಬಡಿದಿದ್ರು, ಇಲ್ಲಿ ದನಕ್ಕೆ ಹುಲ್ಲು ಹಾಕ್ತಿದ್ರು ಅಂತ ಹೇಳೋಕೆ ಇದು ಬೇಕು. ಪಪುವಾ ನ್ಯೂಗಿನಿಯ ಕುಕ್ ಅನ್ನೋ ಜೌಗು ಜಾಗದಲ್ಲಿ ಸುಮಾರು 6,500-7,000 ವರ್ಷದ ಹಿಂದೇನೇ ಬಾಳೆ ಬೆಳೀತಿದ್ರು ಅಂತ ಗೊತ್ತಾಗಿದ್ದು ಫೈಟೋಲಿತ್‌ನಿಂದ. ಬಾಳೆಹಣ್ಣು ಮೂಳೆ ಬಿಡಲ್ಲ, ನಾವು ಬೆಳೆಸೋ ಬಾಳೇಲಿ ಬೀಜಾನೂ ಇಲ್ಲ, ಬೇರೆ ಹೇಗೂ ಇದು ಗೊತ್ತಾಗ್ತಿರ್ಲಿಲ್ಲ.

ಪರಾಗ, ಹೊಟ್ಟೆಯ ಹುಳದ ಮೊಟ್ಟೆ ಇವೂ ಈ ಸಾಲಿಗೇ ಸೇರತ್ವೆ. ಡೆನ್ಮಾರ್ಕಿನ ಜೌಗಲ್ಲಿ 1950ರಲ್ಲಿ ಸಿಕ್ಕ, ಎರಡು ಸಾವಿರ ವರ್ಷಕ್ಕೂ ಹಳೇ ಟೋಲುಂಡ್ ಮನುಷ್ಯ ಅನ್ನೋ ಹೆಣದ ಕರುಳನ್ನ 2021ರಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಅವನ ಕೊನೇ ಊಟ ಬಾರ್ಲಿ ಗಂಜಿ, ಅದರಲ್ಲಿ ಅಗಸೆ ಮತ್ತೆ ಕಳೆಗಿಡದ ಬೀಜ, ಸ್ವಲ್ಪ ಮೀನು ಅಂತ ಗೊತ್ತಾಯ್ತು. ಕರುಳಲ್ಲಿ ಲಾಡಿಹುಳದ ಮೊಟ್ಟೇನೂ ಇತ್ತು, ಸರಿಯಾಗಿ ಬೇಯದ ಮಾಂಸ ಯಾವಾಗಲೋ ತಿಂದಿದ್ದ ಅನ್ನೋದಕ್ಕೆ ಅದು ಸಾಕ್ಷಿ.

ಮಡಕೆ ಕುಡಿದ ಜಿಡ್ಡು

ಈಗ ಮಾಂಸದ ಪ್ರಶ್ನೆ. ಮಣ್ಣಿನ ಪಾತ್ರೇಲಿ ಅಡುಗೆ ಮಾಡಿದವರಿಗೆ ಗೊತ್ತು, ಮೀನು ಸಾರು ಮಾಡಿದ ಮಡಕೇಲಿ ಆಮೇಲೆ ಹಾಲು ಕಾಯಿಸೋಕಾಗಲ್ಲ, ಎಷ್ಟು ತೊಳೆದ್ರೂ ವಾಸನೆ ಹೋಗಲ್ಲ. ಮಣ್ಣಿನ ಸಣ್ಣ ಸಣ್ಣ ತೂತುಗಳಲ್ಲಿ ಜಿಡ್ಡು ಇಳಿದಿರತ್ತೆ. ಆ ಜಿಡ್ಡು ಸಾವಿರಾರು ವರ್ಷ ಉಳಿಯತ್ತೆ. ಮಡಕೆ ಚೂರನ್ನ ಸ್ವಲ್ಪ ಕೊರೆದು ಪುಡಿ ಮಾಡಿ, ದ್ರಾವಕದಲ್ಲಿ ಕರಗಿಸಿ, ಯಂತ್ರಕ್ಕೆ ಹಾಕಿದ್ರೆ ಕೊಬ್ಬಿನ ಆಮ್ಲಗಳು ಬೇರೆ ಬೇರೆಯಾಗಿ ಸಿಗತ್ವೆ. ಇಲ್ಲಿ ಮೈಕ್ರೋಸ್ಕೋಪಿಗೂ ಏನೂ ಕಾಣಲ್ಲ, ಅಣುಗಳನ್ನೇ ಅಳೀಬೇಕು.

ಅಳೆಯೋದು ಕಾರ್ಬನ್‌ನ ಎರಡು ರೂಪಗಳ ಅನುಪಾತ. ಸ್ವಲ್ಪ ಹಗುರದ್ದೊಂದು, ಸ್ವಲ್ಪ ಭಾರದ್ದೊಂದು. ಮೆಲುಕು ಹಾಕೋ ದನ, ಎಮ್ಮೆ, ಕುರಿ, ಮೇಕೆಯ ಕೊಬ್ಬಲ್ಲಿ ಈ ಅನುಪಾತ ಒಂದು ಥರ, ಹಂದಿ ಥರದ ಮೆಲುಕು ಹಾಕದ ಪ್ರಾಣೀಲಿ ಇನ್ನೊಂದು ಥರ. ಹಾಲಿನ ಕೊಬ್ಬು ಮಾಂಸದ ಕೊಬ್ಬಿಗಿಂತಲೂ ಬೇರೆ, ಯಾಕಂದ್ರೆ ಕೆಚ್ಚಲು ಸ್ಟಿಯರಿಕ್ ಅನ್ನೋ ಆಮ್ಲವನ್ನ ತಾನೇ ತಯಾರು ಮಾಡಲ್ಲ, ಮೇವಿಂದ ಬಂದಿದ್ದನ್ನ ಬಳಸ್ಕೊಳ್ಳತ್ತೆ. ಹಾಗಾಗಿ ಒಂದೇ ಹಸುವಿನ ಹಾಲು ಮತ್ತೆ ಮಾಂಸವನ್ನೂ ಬೇರ್ಪಡಿಸಿ ಹೇಳಬಹುದು.

2020ರಲ್ಲಿ ಎರಡು ಮುಖ್ಯ ಅಧ್ಯಯನ ಬಂತು. ಕಲ್ಯಾಣ್ ಶೇಖರ್ ಚಕ್ರವರ್ತಿ ಮತ್ತೆ ಜೊತೆಗಾರರು ಗುಜರಾತಿನ ಕೋಟಡಾ ಭಾಡ್ಲಿ ಅನ್ನೋ ಹರಪ್ಪ ಕಾಲದ ಊರಿನ 59 ಮಡಕೆ ಚೂರು ಪರೀಕ್ಷೆ ಮಾಡಿ, ಸುಮಾರು 4,500 ವರ್ಷದ ಹಿಂದೆ ಅಲ್ಲಿ ಹಾಲಿನ ಪದಾರ್ಥ ತಯಾರಾಗ್ತಿತ್ತು ಅಂತ ತೋರಿಸಿದ್ರು. ಅಕ್ಷೇತಾ ಸೂರ್ಯನಾರಾಯಣ್ ಮತ್ತೆ ತಂಡ ಹರಿಯಾಣ, ಉತ್ತರಪ್ರದೇಶದ ರಾಖಿಗಢಿ, ಫರ್ಮಾಣಾ, ಆಲಂಗೀರ್‌ಪುರ ಮುಂತಾದ ಜಾಗಗಳ 172 ಚೂರು ನೋಡಿದ್ರು, ಅಲ್ಲಿ ಪ್ರಾಣಿಯ ಕೊಬ್ಬೇ ಜಾಸ್ತಿ. ದನ ಎಮ್ಮೆ, ಕುರಿ ಮೇಕೆಯ ಮಾಂಸ, ಸ್ವಲ್ಪ ಹಾಲು, ಮತ್ತೆ ಹಂದಿ ಕೊಬ್ಬಿಗೆ ಹೊಂದೋ ಗುರುತು ತುಂಬಾ.

ಸುದ್ದಿ ಇಲ್ಲಿಗೆ ನಿಂತುಬಿಡ್ತು, ಆದ್ರೆ ಆ ಅಧ್ಯಯನದಲ್ಲೇ ಇನ್ನೊಂದು ಮಾತಿದೆ. ಆ ಊರುಗಳಲ್ಲಿ ಹಂದಿ ಮೂಳೆ ಸಿಗೋದು ತುಂಬಾ ಕಮ್ಮಿ. ಮಡಕೇಲಿ ಜಾಸ್ತಿ, ಮೂಳೇಲಿ ಕಮ್ಮಿ, ಇದು ಹೊಂದಲ್ಲ. ಗಿಡದ ಎಣ್ಣೆ ಮತ್ತೆ ದನದ ಕೊಬ್ಬು ಒಂದೇ ಮಡಕೇಲಿ ಬೆರೆತ್ರೂ ಅಳತೆ ಹಂದಿಯ ಹತ್ರ ಬರಬಹುದು. ಲೇಖಕರು ಇದನ್ನ ಮುಚ್ಚಿಟ್ಟಿಲ್ಲ, ಬಿಡಿಸಬೇಕಾದ ಸಮಸ್ಯೆ ಅಂತಲೇ ಬರೆದಿದ್ದಾರೆ.

ಈಗ ಫರ್ಮಾಣಾವನ್ನೇ ನೋಡಿ. ಅದೇ ಊರಿನ ಪಾತ್ರೆ, ಹಲ್ಲಿಂದ ಪಿಷ್ಟ ತೆಗೆದವರಿಗೆ ಅರಿಶಿನ, ಬದನೆಕಾಯಿ ಸಿಕ್ತು, ಕೊಬ್ಬು ತೆಗೆದವರಿಗೆ ಮಾಂಸ ಸಿಕ್ತು. ಇಬ್ಬರೂ ಸರಿ. ಪಿಷ್ಟದ ವಿಧಾನಕ್ಕೆ ಮಾಂಸ ಕಾಣಲ್ಲ, ಕೊಬ್ಬಿನ ವಿಧಾನಕ್ಕೆ ಬೇಳೆ, ಧಾನ್ಯ ಹೆಚ್ಚುಕಮ್ಮಿ ಕಾಣಲ್ಲ ಯಾಕಂದ್ರೆ ಅವುಗಳಲ್ಲಿ ಜಿಡ್ಡೇ ಕಮ್ಮಿ. ಯಾವುದಾದ್ರೂ ಒಂದನ್ನ ಮಾತ್ರ ಹಿಡ್ಕೊಂಡು "ಇವರು ಸಸ್ಯಾಹಾರಿಗಳು" ಅಂತಾನೋ "ಬರೀ ಮಾಂಸಾಹಾರಿಗಳು" ಅಂತಾನೋ ಹೇಳಿದ್ರೆ ಅದು ಊಟದ ಬಗ್ಗೆ ಹೇಳಿದ್ದಲ್ಲ, ವಿಧಾನದ ಮಿತಿಯ ಬಗ್ಗೆ ಹೇಳಿದ್ದು.

ಬಳ್ಳಾರಿಯ ಬೂದಿದಿಬ್ಬ, ಕೊರಲೆ, ಹುರುಳಿ

ಕರ್ನಾಟಕದ ಕಥೆ ಶುರುವಾಗೋದು ಬೂದಿಯಿಂದ. ಬಳ್ಳಾರಿ, ರಾಯಚೂರು ಕಡೆ ದೊಡ್ಡ ದೊಡ್ಡ ಬೂದಿದಿಬ್ಬಗಳಿವೆ. ಹಂಪಿ ಹತ್ರ ನಿಂಬಾಪುರದ ದಿಬ್ಬವನ್ನ ವಾಲಿಯನ್ನ ಸುಟ್ಟ ಬೂದಿ ಅಂತ ಜನ ಹೇಳ್ತಾರೆ. ಇವು ಏನು ಅಂತ ಬ್ರಿಟಿಷರ ಕಾಲದಿಂದ ಚರ್ಚೆ ಇತ್ತು, 1960ರ ಹೊತ್ತಿಗೆ ಫ್ರೆಡ್ರಿಕ್ ಝ್ಯೂನರ್ ಅನ್ನೋ ವಿಜ್ಞಾನಿ ಬೂದಿಯನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿ ಇದು ಸುಟ್ಟ ಸಗಣಿ ಅಂತ ತೋರಿಸಿದ. ಅಂದ್ರೆ ಇಲ್ಲಿ ಕ್ರಿಸ್ತಪೂರ್ವ 3000ದಿಂದ 1200ರವರೆಗೆ ಇದ್ದವರು ದನ ಸಾಕೋ ಜನ, ದನದ ಹಟ್ಟಿಯ ಸಗಣಿ ಒಟ್ಟಿ ಒಟ್ಟಿ ಸುಟ್ಟಿದ್ರಿಂದ ಆದ ದಿಬ್ಬ ಇವು. ದನದ ಮೂಳೇನೂ ಜಾಸ್ತಿ ಸಿಗತ್ತೆ.

ಹಾಗಾದ್ರೆ ಬೇಸಾಯ ಇರ್ಲಿಲ್ವಾ? ಇದಕ್ಕೆ ಉತ್ತರ ಸಿಕ್ಕಿದ್ದು ನೀರಿಂದ. ಅಗೆದ ಮಣ್ಣನ್ನ ಬಿಸಾಕದೆ ನೀರಿಗೆ ಹಾಕಿ ಕದಡ್ತಾರೆ, ಮಣ್ಣು ಕೆಳಗಿಳಿಯತ್ತೆ, ಇದ್ದಿಲಾದ ಕಾಳು ಹಗುರ ಅಲ್ವಾ, ಮೇಲೆ ತೇಲತ್ತೆ, ಅದನ್ನ ಸಣ್ಣ ಜರಡೀಲಿ ಸೋಸಿ ಒಣಗಿಸಿ ಮೈಕ್ರೋಸ್ಕೋಪಲ್ಲಿ ಒಂದೊಂದಾಗಿ ನೋಡ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮತ್ತೆ ಜೊತೆಗಾರರು ಬಳ್ಳಾರಿ ಪಕ್ಕದ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಸೇರಿ ಕರ್ನಾಟಕ, ಆಂಧ್ರದ ಹಲವು ಜಾಗಗಳಲ್ಲಿ ಈ ಕೆಲಸ ಮಾಡಿದ್ರು.

ಮತ್ತೆ ಮತ್ತೆ ಸಿಕ್ಕಿದ್ದು ನಾಲ್ಕು ಬೆಳೆ. ಕೊರಲೆ ಅನ್ನೋ ಸಿರಿಧಾನ್ಯ, ನವಣೆ ಜಾತಿಗೆ ಸೇರಿದ ಇನ್ನೊಂದು ಸಣ್ಣ ಧಾನ್ಯ, ಹೆಸರುಕಾಳು, ಹುರುಳಿಕಾಳು. ನಾಲ್ಕೂ ಮುಂಗಾರಿನ ಬೆಳೆ, ಕಮ್ಮಿ ಮಳೇಲಿ ಬರೋವು, ಹೊರಗಿಂದ ತಂದಿದ್ದಲ್ಲ, ನಮ್ಮ ಪರ್ಯಾಯದ್ವೀಪದಲ್ಲೇ ಕಾಡಲ್ಲಿದ್ದಿದ್ದನ್ನ ಪಳಗಿಸಿದ್ದು. ದಕ್ಷಿಣ ಭಾರತದಲ್ಲಿ ಬೇಸಾಯ ಸ್ವಂತವಾಗಿ ಶುರುವಾಯ್ತು ಅನ್ನೋ ವಾದಕ್ಕೆ ಇದೇ ದೊಡ್ಡ ಆಧಾರ. ಗೋಧಿ, ಬಾರ್ಲಿ ಕೂಡ ಕೆಲವು ಜಾಗದಲ್ಲಿ ಸಿಗತ್ತೆ, ಆದ್ರೆ ಆಮೇಲಿನ ಕಾಲದಲ್ಲಿ. ಅವು ಚಳಿಗಾಲದ ಬೆಳೆ, ಬಳ್ಳಾರಿಯ ಒಣಭೂಮೀಲಿ ನೀರು ಹಾಯಿಸದೆ ಬರೋದು ಕಷ್ಟ. ತುಮಕೂರು ಕಡೆಯ ಬಯಲಲ್ಲಿ ಇವತ್ತೂ ಕೊರಲೆ ಬೆಳೆಯೋ ರೈತರಿದ್ದಾರೆ, ಅವರ ಹೊಲದಲ್ಲಿರೋ ಬೆಳೆ ಸಂಗನಕಲ್ಲಿನ ಒಲೆಯಲ್ಲಿ ಸುಟ್ಟು ಉಳಿದ ಬೆಳೇನೇ ಅನ್ನೋದು ನನಗೆ ನಿಜಕ್ಕೂ ದೊಡ್ಡ ವಿಷಯ.

ಆ ಕಾಲದ ಅಗಲ ಬಾಯಿಯ ಮಡಕೆ, ಬೋಗುಣಿಗಳ ಆಕಾರ, ಬಂಡೆಗಳ ಮೇಲೆ ಅರೆದು ಅರೆದು ಆದ ಗುಳಿ ಇವನ್ನೆಲ್ಲ ಸೇರಿಸಿ ನೋಡಿ ಇದು ರೊಟ್ಟಿಗಿಂತ ಗಂಜಿ, ಅಂಬಲಿ ಥರದ ಊಟ ಇರಬೇಕು ಅಂತ ಅಂದಾಜು. ಇದು ಅಂದಾಜೇ, ಕಾಳು ಸಿಕ್ಕಿದಷ್ಟು ಗಟ್ಟಿ ಸಾಕ್ಷಿ ಅಲ್ಲ.

ಹಾಗಾದ್ರೆ ರಾಗಿ?

ರಾಗಿ ಆಫ್ರಿಕಾದ ಬೆಳೆ. ಇಥಿಯೋಪಿಯಾ, ಉಗಾಂಡ ಕಡೆಯ ಎತ್ತರದ ಭೂಮೀಲಿ ಪಳಗಿದ್ದು, ಆಮೇಲೆ ನಮ್ಮಲ್ಲಿಗೆ ಬಂತು. ಜೋಳ, ಸಜ್ಜೆ, ಅಲಸಂದೆ ಕೂಡ ಆಫ್ರಿಕಾದಿಂದಲೇ ಬಂದಿದ್ದು. ಹಳೇ ರಿಪೋರ್ಟುಗಳಲ್ಲಿ ತುಂಬಾ ಹಿಂದಿನ ಕಾಲದ ಮಣ್ಣಲ್ಲಿ ರಾಗಿ ಸಿಕ್ತು ಅಂತ ಬರೆದಿದ್ದುಂಟು. ಆದ್ರೆ ಸಣ್ಣ ಧಾನ್ಯ ಸುಟ್ಟು, ಸಿಪ್ಪೆ ಹೋಗಿ, ಉಬ್ಬಿದ ಮೇಲೆ ಒಂದಕ್ಕೊಂದು ಹೋಲತ್ವೆ, ಕೊರಲೇನೋ ರಾಗೀನೋ ಸಾಮೆನೋ ಅಂತ ಹೇಳೋಕೆ ಕಾಳಿನ ಮೇಲ್ಮೈಯ ಗೆರೆ, ಮೊಳಕೆ ಇರೋ ಜಾಗದ ಉದ್ದ ಇವನ್ನ ಹತ್ರದಿಂದ ನೋಡಬೇಕು. ಹಾಗೆ ಮತ್ತೆ ನೋಡಿದಾಗ ಆ ಹಳೇ "ರಾಗಿ"ಗಳಲ್ಲಿ ಸುಮಾರು ಬೇರೆ ಧಾನ್ಯ ಅಂತ ಗೊತ್ತಾಯ್ತು. ಐದು ಸಾವಿರ ವರ್ಷದ ಹಿಂದೆ ಈ ನೆಲದಲ್ಲಿ ರಾಗಿ ಮುದ್ದೆ ಇತ್ತು ಅನ್ನೋಕೆ ಸಾಕ್ಷಿ ಇಲ್ಲ. ಹಾಗಂತ ರಾಗಿಯ ಬೆಲೆ ಏನೂ ಕಮ್ಮಿ ಆಗಲ್ಲ, ಸಾವಿರಾರು ವರ್ಷದಿಂದ ನಮ್ಮ ಹೊಲದಲ್ಲಿದೆ, ಅಷ್ಟು ಹಳೇದು ಬೇಕು ಅಂದ್ರೆ ಕೊರಲೆ, ಹುರುಳಿ ಇದೆಯಲ್ಲ.

ಎಲ್ಲೆಲ್ಲಿ ತಪ್ಪಾಗಬಹುದು

ದೊಡ್ಡ ಅಪಾಯ ಇವತ್ತಿನ ಹಿಟ್ಟು. ಪಿಷ್ಟ ಗಾಳೀಲಿ ಹಾರಾಡ್ತಿರತ್ತೆ, ಲ್ಯಾಬಿನವರ ತಿಂಡಿ ಡಬ್ಬಿಯಿಂದ ಬರಬಹುದು, ಹಾಕ್ಕೊಳ್ಳೋ ಗ್ಲೌಸಿನ ಪೌಡರಿಂದಲೇ ಬರಬಹುದು. 2014ರಲ್ಲಿ ಲ್ಯಾಬುಗಳನ್ನೇ ಪರೀಕ್ಷೆ ಮಾಡಿದ ಒಂದು ಅಧ್ಯಯನದಲ್ಲಿ ಗ್ಲೌಸು, ಬಳಸೋ ಸಾಮಾನುಗಳಲ್ಲಿ ಮೆಕ್ಕೆಜೋಳ, ಗೋಧಿ, ಆಲೂಗಡ್ಡೆಯ ಪಿಷ್ಟ ಸಿಕ್ತು. ಅದಕ್ಕೇ ಈಗ ಒಳ್ಳೇ ಅಧ್ಯಯನಗಳಲ್ಲಿ ಏನೂ ಹಾಕದ ಖಾಲಿ ಸ್ಲೈಡನ್ನೂ ಜೊತೆಗಿಟ್ಟು, ಅಗೆದ ಜಾಗದ ಸುತ್ತಲಿನ ಮಣ್ಣನ್ನೂ ಪರೀಕ್ಷೆ ಮಾಡಿ, ಅಲ್ಲಿ ಇಲ್ಲದ್ದು ಮಡಕೇಲಿ ಮಾತ್ರ ಇದೆ ಅಂತ ತೋರಿಸ್ತಾರೆ. ಸುದ್ದಿ ಓದೋವಾಗ ನಾನು ಮೊದಲು ಹುಡುಕೋದು ಇದನ್ನೇ.

ಇನ್ನೊಂದು, ಕಣ ಎಣಿಸಿದ್ರೆ ಊಟದ ಪ್ರಮಾಣ ಗೊತ್ತಾಗಲ್ಲ. ಹತ್ತು ಅರಿಶಿನದ ಕಣ, ಎರಡು ಅಕ್ಕಿ ಕಣ ಸಿಕ್ರೆ ಅರಿಶಿನವನ್ನೇ ಜಾಸ್ತಿ ತಿಂದ್ರು ಅಂತಲ್ಲ. ಪ್ರಮಾಣ ಬೇಕು ಅಂದ್ರೆ ಮೂಳೆಯ ಕಾರ್ಬನ್ ಅಳೀಬೇಕು, ಯಾಕಂದ್ರೆ ರಾಗಿ, ಜೋಳ, ಸಜ್ಜೆ, ಕೊರಲೆ ಬಿಸಿಲಿನಿಂದ ಆಹಾರ ತಯಾರಿಸೋ ರೀತಿ ಬೇರೆ, ಅಕ್ಕಿ, ಗೋಧಿ, ಬೇಳೆಗಳ ರೀತಿ ಬೇರೆ, ತಿಂದವರ ಮೂಳೇಲಿ ಆ ವ್ಯತ್ಯಾಸ ವರ್ಷಗಟ್ಲೆ ಕೂಡ್ತಾ ಹೋಗತ್ತೆ. ನಮ್ಮ ದೇಶದ ಸೆಕೆಗೆ ಮೂಳೆಯೊಳಗಿನ ಪ್ರೋಟೀನ್ ಬೇಗ ಹಾಳಾಗತ್ತೆ ಅನ್ನೋದು ಇಲ್ಲಿನ ಕಷ್ಟ, ಆಗ ಹಲ್ಲಿನ ಎನಾಮಲ್ ಮೇಲೆ ನಿಲ್ಲಬೇಕಾಗತ್ತೆ, ಅದು ಹೇಳೋದು ಆ ವ್ಯಕ್ತಿಯ ಬಾಲ್ಯದ ಊಟವನ್ನ ಮಾತ್ರ.

ಮತ್ತೆ, ಸಿಗ್ಲಿಲ್ಲ ಅಂದ್ರೆ ತಿಂದಿರ್ಲಿಲ್ಲ ಅಂತಲ್ಲ. ಸೊಪ್ಪು, ಹಣ್ಣು, ಜೇನು, ಅಣಬೆ ಇವು ಈ ವಿಧಾನಗಳಿಗೆ ತುಂಬಾ ಕಮ್ಮಿ ಸಿಕ್ಕಿಬೀಳತ್ವೆ.

ಗೋಡೌನಿನ ಚೂರುಗಳು

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರೀಲಿ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ, ಆಮೇಲೆ ಮಸ್ಕಿ, ತೆಕ್ಕಲಕೋಟೆ, ಹಳ್ಳೂರಲ್ಲಿ ಅಗೆದಾಗ ಈ ಯಾವ ಪರೀಕ್ಷೆಯೂ ಇರ್ಲಿಲ್ಲ. ಆಗಿನ ಪದ್ಧತಿ ಅಂದ್ರೆ ಮಡಕೆ ಚೂರನ್ನ ಬ್ರಷ್ ಹಾಕಿ ತೊಳೆದು, ನಂಬರ್ ಬರೆದು, ಚೀಲದಲ್ಲಿಡೋದು. ಹಲ್ಲಿನ ಮೇಲಿನ ಪಾಚಿಯನ್ನ ಕೊಳೆ ಅಂತ ಕೆರೆದು ಎಸೆದಿದ್ದೂ ಎಷ್ಟೋ ದೇಶದಲ್ಲಿ ನಡೆದಿದೆ. ತೊಳೆದ ಚೂರಲ್ಲಿ ಮೇಲ್ಮೈಯ ಪಿಷ್ಟ ಹೋಗಿರತ್ತೆ, ಆದ್ರೆ ಮಣ್ಣಿನ ಒಳಗೆ ಇಳಿದ ಜಿಡ್ಡು ನೀರಿಗೆ ಕರಗಲ್ಲ, ಅಲ್ಲೇ ಇರತ್ತೆ. ಹಾಗಾಗಿ ದಶಕಗಳ ಹಿಂದೆ ಅಗೆದು ಮ್ಯೂಸಿಯಂ, ಯೂನಿವರ್ಸಿಟಿ ಗೋಡೌನಲ್ಲಿಟ್ಟ ಚೂರುಗಳಿಂದಲೂ ಊಟದ ಲೆಕ್ಕ ತೆಗೀಬಹುದು, ಹೊಸದಾಗಿ ಅಗೆಯಬೇಕು ಅಂತಿಲ್ಲ. ಹೊಸದಾಗಿ ಅಗೆಯೋವರು ಈಗ ಪ್ರತಿ ಜಾಗದಿಂದಲೂ ಕೆಲವು ಚೂರುಗಳನ್ನ ತೊಳೆಯದೆ, ಕೈ ಮುಟ್ಟಿಸದೆ, ಸುತ್ತಲಿನ ಒಂದು ಹಿಡಿ ಮಣ್ಣಿನ ಸಮೇತ ಅಲ್ಯೂಮಿನಿಯಂ ಹಾಳೇಲಿ ಸುತ್ತಿ ಬೇರೆ ಎತ್ತಿಡ್ತಾರೆ.